ಎರಡು ಆಂಪೂಲ್, 3 ಗಂಟೆ, 60 ಕಿ.ಮೀ.

ಸುರಪುರದಿಂದ ಶಹಾಪುರ ಹಾದು ಜಿಲ್ಲಾ ಕೇಂದ್ರ ಯಾದಗಿರಿಗೆ ಸುಮಾರು 60 ಕಿ.ಮೀ. 108 ಆಂಬುಲೆನ್ಸ್ ಎಲ್ಲೂ ನಿಲ್ಲದೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿದರೂ ಒಂದೂವರೆ ತಾಸು ಹಿಡಿಯುತ್ತದೆ. ಹೆರಿಗೆಯ ನಂತರ ರಕ್ತ ನಿಲ್ಲದ ಬಾಣಂತಿಗೆ ಅಷ್ಟು ಹೊತ್ತು ತೀರಾ ದುಬಾರಿ.

ಇಲ್ಲಿ ನೆರವಾಗಬಲ್ಲದ್ದು ಟ್ರಾನೆಕ್ಸಾಮಿಕ್ ಆಸಿಡ್, ಕಟ್ಟಿದ ಹೆಪ್ಪನ್ನು ಪ್ಲಾಸ್ಮಿನ್ ಎಂಬ ಕಿಣ್ವ ಕರಗಿಸದಂತೆ ತಡೆಯುವ ಔಷಧ. 1962ರಲ್ಲಿ ಜಪಾನಿನ ಉಟಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿ ಇದನ್ನು ಲೋಕಕ್ಕೆ ಕೊಟ್ಟರು. ಬಾಣಂತಿಗೆ ಒಂದು ಡೋಸ್ ಎಂದರೆ 1 ಗ್ರಾಂ, ಅಂದರೆ 5 ಮಿ.ಲೀ.ನ ಎರಡು ಆಂಪೂಲ್. ರಕ್ತನಾಳಕ್ಕೆ ನಿಮಿಷಕ್ಕೆ 1 ಮಿ.ಲೀ.ನಂತೆ 10 ನಿಮಿಷ ನಿಧಾನಕ್ಕೆ ಕೊಡಬೇಕು. ಅರ್ಧ ಗಂಟೆ ಕಳೆದರೂ ಸ್ರಾವ ನಿಲ್ಲದಿದ್ದರೆ ಇನ್ನೊಂದು ಡೋಸ್.

2017ರಲ್ಲಿ ಪ್ರಕಟವಾದ ‘ವುಮನ್’ ಪ್ರಯೋಗದಲ್ಲಿ 21 ದೇಶಗಳ 20,060 ಬಾಣಂತಿಯರಿದ್ದರು. ಹೆರಿಗೆಯಾದ 3 ಗಂಟೆಯೊಳಗೆ ಔಷಧ ಪಡೆದವರಲ್ಲಿ ರಕ್ತಸ್ರಾವದ ಸಾವು ಶೇ. 1.2, ಪಡೆಯದವರಲ್ಲಿ ಶೇ. 1.7. ಶೇ. ಅರ್ಧದ ಈ ಅಂತರ ಸಣ್ಣದೆನಿಸಬಹುದು. ಲೆಕ್ಕ ಹಾಕಿ ನೋಡಿ: 200 ಬಾಣಂತಿಯರಿಗೆ ಹೊತ್ತಿಗೆ ಸರಿಯಾಗಿ ಕೊಟ್ಟರೆ ಒಂದು ಜೀವ ಉಳಿಯುತ್ತದೆ. ಅದಕ್ಕೆ ಬೇಕಾಗುವುದು 400 ಆಂಪೂಲ್. ಎಲ್ಲರಿಗೂ ಎರಡನೇ ಡೋಸ್ ಬೇಕಾದರೂ 800. ತಾಲ್ಲೂಕು ಆಸ್ಪತ್ರೆಯ ಔಷಧ ಉಗ್ರಾಣಕ್ಕೆ ಇದು ಭಾರವೇ ಅಲ್ಲ.

ಹಣದ ಲೆಕ್ಕವೂ ಹಾಗೆಯೇ. ಅಪಘಾತದ ಗಾಯಾಳುಗಳಿಗೆ ಈ ಔಷಧ ಕೊಟ್ಟರೆ ಭಾರತದಲ್ಲಿ ಆಯುಸ್ಸಿನ ಒಂದು ವರ್ಷ ಉಳಿಸಲು 66 ಡಾಲರ್ ಸಾಕೆಂದು 2011ರ ಅಧ್ಯಯನವೊಂದು ಅಂದಾಜಿಸಿತ್ತು. ಆಗಿನ ದರದಲ್ಲಿ ಸುಮಾರು 3,000 ರೂಪಾಯಿ. ಹೋಲಿಕೆಗೆ, ಖಾಸಗಿ ರಕ್ತನಿಧಿಗಳು ಒಂದು ಯೂನಿಟ್ ರಕ್ತಕ್ಕೆ ಪಡೆಯಬಹುದಾದ ಸಂಸ್ಕರಣಾ ಶುಲ್ಕದ ಮಿತಿ 2022ರಲ್ಲಿ 1,550 ರೂಪಾಯಿ ಇತ್ತು.

ಆದರೆ ತಡವಾದಷ್ಟೂ ಲಾಭ ಕರಗುತ್ತದೆ. ಪ್ರತಿ 15 ನಿಮಿಷಕ್ಕೆ ಸುಮಾರು ಶೇ. 10ರಷ್ಟು ಕುಸಿಯುತ್ತದೆಂದು 2018ರ ವಿಶ್ಲೇಷಣೆ ತೋರಿಸಿತು. ಸುರಪುರದಲ್ಲಿ ಇಂಜೆಕ್ಷನ್ ಕೊಡದೆ ‘ಯಾದಗಿರಿಗೆ ಒಯ್ಯಿರಿ’ ಎಂದು ಚೀಟಿ ಬರೆದರೆ ಹೆಚ್ಚುಕಡಿಮೆ ಅರ್ಧ ಲಾಭ ದಾರಿಯಲ್ಲೇ ಹೋಯಿತು. ಮೊದಲ ಡೋಸ್ ಕೊಟ್ಟೇ ಗಾಡಿ ಹತ್ತಿಸಬೇಕು.

ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳುವುದೇ ತಡಕ್ಕೆ ಒಂದು ಕಾರಣ. ಇದಕ್ಕೆ ಉಪಾಯ ನಮ್ಮ ರಾಜ್ಯದಲ್ಲೇ ಬಳಕೆಯಾಗಿದೆ. 1,620 ಮಹಿಳೆಯರ ಬೆಳಗಾವಿ ಅಧ್ಯಯನದಲ್ಲಿ (2006) ಹೆರಿಗೆಯಾದವಳ ಸೊಂಟದ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು. ಅದರ ತುದಿಯ ಚೀಲದ ಮೇಲೆ ಮಿ.ಲೀ. ಗೆರೆಗಳು, ರಕ್ತ ಅತಿಸ್ರಾವದ 500ರ ಗೆರೆ ಮುಟ್ಟಿತೆಂದರೆ ಸಿಸ್ಟರ್‌ಗೆ ಕಣ್ಣೆದುರೇ ಕಾಣುತ್ತದೆ.

ಅಪಾಯದ ಅಂಕಿಗಳನ್ನೂ ಹೇಳಲೇಬೇಕು. ‘ವುಮನ್’ ಪ್ರಯೋಗದಲ್ಲಿ ಬೇಡದ ಕಡೆ ಹೆಪ್ಪುಗಟ್ಟುವುದು ಹೆಚ್ಚಲಿಲ್ಲ. ಜಠರ-ಕರುಳಿನ ರಕ್ತಸ್ರಾವಕ್ಕೆ 24 ಗಂಟೆಯಲ್ಲಿ 4 ಗ್ರಾಂ ಕೊಟ್ಟ 2020ರ ಪ್ರಯೋಗದಲ್ಲಿ ಸಾವು ತಗ್ಗಲಿಲ್ಲ, ಅಭಿಧಮನಿಗಳಲ್ಲಿ ಹೆಪ್ಪು ಮಾತ್ರ ಶೇ. 0.4ರಿಂದ 0.8ಕ್ಕೇರಿತು. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪಿರುವವರಿಗೆ ಇದು ಸಲ್ಲದು. ಫಿಟ್ಸ್ ಬರುವವರಲ್ಲಿ ಎಚ್ಚರ ಬೇಕು, ಮೂತ್ರಪಿಂಡ ಸೋತವರಿಗೆ ಡೋಸ್ ಇಳಿಸಬೇಕು. ರಕ್ತಹೀನತೆಯಿದೆ ಎಂದು ಮುಂಚಿತವಾಗಿ ಚುಚ್ಚಿದರೂ ಫಲವಿಲ್ಲ: 2023ರಲ್ಲಿ 15,068 ರಕ್ತಹೀನ ಮಹಿಳೆಯರಲ್ಲಿ ಪರೀಕ್ಷಿಸಿದಾಗ ಅತಿಸ್ರಾವ ತಗ್ಗಲಿಲ್ಲ. ಅವರಿಗೆ ಗರ್ಭಿಣಿಯಾಗಿದ್ದಾಗಲೇ ಕಬ್ಬಿಣಾಂಶ ಸಿಗಬೇಕು.

ಎಲ್ಲಕ್ಕಿಂತ ಭೀಕರವಾದದ್ದು ಆಂಪೂಲ್ ಅದಲುಬದಲು. ಬೆನ್ನಿಗೆ ಅರಿವಳಿಕೆ ಕೊಡುವಾಗ ತಪ್ಪಿ ಇದನ್ನು ಚುಚ್ಚಿದ 21 ಪ್ರಕರಣಗಳನ್ನು 2019ರ ವರದಿ ಕಲೆಹಾಕಿತ್ತು. 10 ಮಂದಿ ತೀರಿಕೊಂಡಿದ್ದರು. ಅರಿವಳಿಕೆ ಔಷಧಗಳ ಜೊತೆ ಇದನ್ನು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿದೆ.