ಒಲೆಯ ಬದಿಗೊಂದು ಗಣಕಯಂತ್ರ

ಶಿಕಾರಿಪುರದ ನಮ್ಮ ಮನೆಯ ಅಡಿಗೆಮನೆಯಲ್ಲಿ, ಉಪ್ಪಿನ ಮರಿಗೆಯ ಮೇಲಿನ ಗೂಡಿನಲ್ಲಿ, ಈಗ ಒಂದು ಗಣಕಯಂತ್ರವೂ ಕುಳಿತಿದೆಯೆಂದರೆ ಕೇಳುಗರಲ್ಲಿ ಕೆಲವರಿಗೆ ನಗು ಬಂದೀತು. ನಗುವುದಕ್ಕೆ ಕಾರಣವೂ ಉಂಟು. 1969ರಲ್ಲಿ ಅಮೆರಿಕದ ನೀಮನ್ ಮಾರ್ಕಸ್ ಎಂಬ ಮಳಿಗೆಯು ಹನಿವೆಲ್ ಕಂಪನಿಯ ‘ಅಡಿಗೆಮನೆಯ ಗಣಕ’ವೊಂದನ್ನು ತನ್ನ ಬೆಲೆಪಟ್ಟಿಯಲ್ಲಿ ಪ್ರಕಟಿಸಿತು. ಬೆಲೆ 10,600 ಡಾಲರು. ಅದಕ್ಕೆ ಪರದೆಯಿಲ್ಲ, ಅಕ್ಷರದ ಕೀಲಿಗಳಿಲ್ಲ. ಸಾಲು ಗುಂಡಿಗಳನ್ನು ಮೇಲೆ ಕೆಳಗೆ ಮಾಡಿ ಪ್ರಶ್ನೆ ಕೇಳಬೇಕು, ಮಿನುಗುವ ದೀಪಗಳಲ್ಲಿ ಉತ್ತರವನ್ನು ಓದಿಕೊಳ್ಳಬೇಕು. ಇದನ್ನು ಕಲಿಸಲು ಎರಡು ವಾರಗಳ ಶಿಕ್ಷಣ ಬೇರೆ! ಒಂದಾದರೂ ಮಾರಾಟವಾದುದಕ್ಕೆ ದಾಖಲೆಯಿಲ್ಲ.

ಇಂದು ಆ ತೊಡಕಿಲ್ಲ. ಆದರೂ ಯಂತ್ರಕ್ಕೂ ಒಲೆಗೂ ಇರುವ ವೈರ ತೀರಿಲ್ಲ. ಒಗ್ಗರಣೆಯ ಎಣ್ಣೆಹೊಗೆಯನ್ನು ಗಣಕದೊಳಗಿನ ಪುಟ್ಟ ಪಂಖ ಒಳಕ್ಕೆ ಸೆಳೆಯುತ್ತದೆ. ಜಿಡ್ಡಿಗೆ ಧೂಳಂಟಿ ಗಾಳಿಯ ದಾರಿ ಕಟ್ಟಿ ಯಂತ್ರ ಕಾಯತೊಡಗುತ್ತದೆ. ಮುಟ್ಟಿದರೆ ಓಗೊಡುವ ಪರದೆ ಬೆರಳಿನ ವಿದ್ಯುದ್ಗುಣವನ್ನು ಗುರುತಿಸುವಂಥದು. ನಲ್ಲಿಯ ನೀರೂ ವಿದ್ಯುತ್ತನ್ನು ಹರಿಯಗೊಡುವುದರಿಂದ ಒದ್ದೆಗೈ ಸೋಕಿದರೆ ಅದಕ್ಕೆ ಗಲಿಬಿಲಿಯಾಗುತ್ತದೆ. ಆದುದರಿಂದ ಒಲೆಯಿಂದಲೂ ನಲ್ಲಿಯಿಂದಲೂ ಒಂದು ಮಾರು ದೂರದಲ್ಲಿ, ಕಣ್ಣಿನ ಮಟ್ಟದಲ್ಲಿ ಅದನ್ನಿರಿಸುವುದು ಲೇಸು. ತೆಳುವಾದ ಪ್ಲಾಸ್ಟಿಕ್ ಹೊದಿಸಿದರೂ ಪರದೆಗೆ ಬೆರಳಿನ ಸ್ಪರ್ಶ ತಿಳಿಯುತ್ತದೆ. ಒದ್ದೆಗೈಯಲ್ಲಿ ವಿದ್ಯುತ್ತಿನ ತಂತಿಯನ್ನಂತೂ ಮುಟ್ಟಲೇಬಾರದು.

ಇವೆಲ್ಲ ಯಂತ್ರವನ್ನು ಕಾಯುವ ಮಾತಾಯಿತು. ಮನುಷ್ಯರನ್ನು ಕಾಯುವ ಮಾತು ಇನ್ನೊಂದಿದೆ. ಕಳೆದ ಮಳೆಗಾಲದಲ್ಲಿ ಸೊರಬದಿಂದ ನಮ್ಮಕ್ಕ ತನ್ನ ಹಿತ್ತಿಲ ಬಿದಿರುಮೆಳೆಯ ಎಳೆಯ ಕಳಲೆಯನ್ನು ಕಳುಹಿಸಿದ್ದಳು. ಅಡಿಗೆಗೆ ಹೊಸಬಳಾದ ನನ್ನ ಸೊಸೆ ಗಣಕದಲ್ಲಿ ಪಲ್ಯದ ವಿಧಾನವನ್ನು ಹುಡುಕಿದಳು. ಅಳತೆಯಿತ್ತು, ನಿಮಿಷದ ಲೆಕ್ಕವಿತ್ತು. ಹಸಿ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಯಿಡಬೇಕೆಂಬ ಮಾತು ಮಾತ್ರ ಇರಲಿಲ್ಲ. ಬರೆದವರ ಮನಸ್ಸಿನಲ್ಲಿದ್ದುದು ಅಂಗಡಿಯ ಡಬ್ಬಿಯ ಕಳಲೆ. ಹಸಿಯದರಲ್ಲಿ ಸಯನೈಡ್ ವಿಷವನ್ನು ಹುಟ್ಟಿಸುವ ಅಂಶವಿದೆ. ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲಿದರೇನೇ ಅದು ಕಳೆಯುವುದು. ಬಾಣಲೆ ಒಲೆಯ ಮೇಲೇರಿತ್ತು. ಅಷ್ಟರಲ್ಲಿ ಅಕ್ಕನ ಫೋನು ಬಂತು: “ನೀರಿಗೆ ಹಾಕಿ ಎಷ್ಟು ದಿವ್ಸ ಆತೇ, ಮಗಾ?”

ನಾನು ಒಲೆಯಾರಿಸಿದೆ. ಆ ಕೈ ಇನ್ನೂ ನಡುಗಿದ್ದು ನೆನಪಿದೆ.

16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದನು. ಬಾಯಿಗೆ ಬಂದ ಪದ್ಯಕ್ಕೆ ಪುಟ ತಿರುವುವ ಕೈ ಬೇಡವೆಂಬುದು ಒಲೆಯ ಮುಂದೆ ನಿಂತಾಗ ನನಗೆ ಹೊಳೆಯಿತು. ಈಗ ನಾವು ಮಾಡಿರುವುದೂ ಅಂಥದೇ ಉಪಾಯ. ಅಕ್ಕ ಹೇಳಿದ್ದನ್ನು ಅವಳ ದನಿಯಲ್ಲೇ ಗಣಕದಲ್ಲಿ ತುಂಬಿಟ್ಟಿದ್ದೇವೆ. ಕೆಸುವಿನೆಲೆಗೆ ಹುಳಿ ಬೀಳದಿದ್ದರೆ ಗಂಟಲು ತುರಿಸುವುದು, ಕಳಲೆಯ ನೀರನ್ನು ಚೆಲ್ಲುವುದು, ಎಲ್ಲವೂ ಅದರಲ್ಲಿವೆ. ನನ್ನ ಸೊಸೆ ಹೆಚ್ಚುತ್ತ, ಕಲಸುತ್ತ ಅದನ್ನು ಕೇಳುತ್ತಾಳೆ. ಅಕ್ಕನಿಗೆ ಈಗ ಎಪ್ಪತ್ತೆಂಟು. ನಿಮ್ಮ ಮನೆಯ ಹಿರಿಯರನ್ನೂ ಬೇಗನೆ ಕೇಳಿ, ತುಂಬಿಟ್ಟುಕೊಳ್ಳಿರೆಂದು ನನ್ನ ಅರಿಕೆ.