ಕಾರಿಗೆ ಲಾರಿ, ಲಾರಿಗೆ ಕಾರು: ಸೀಟ್ ಬೆಲ್ಟಿನ ಕಾನೂನು ಮತ್ತು ಅಪಘಾತದ ನಂತರದ ಕೆಲಸ

ಬಳ್ಳಾರಿ ಸಮೀಪದ ಹಗರಿಯಿಂದ ಹೊರಡುವ 167ನೆಯ ರಾಷ್ಟ್ರೀಯ ಹೆದ್ದಾರಿಯು ಆಲೂರು, ಆದೋನಿ, ಮಂತ್ರಾಲಯದ ಮಾರ್ಗವಾಗಿ ಸಾಗಿ ರಾಯಚೂರನ್ನು ಸೇರುತ್ತದೆ. ಒಂದೇ ಮಧ್ಯಾಹ್ನದ ಪ್ರಯಾಣದಲ್ಲಿ ನಾವು ಕರ್ನಾಟಕದಿಂದ ಆಂಧ್ರಕ್ಕೆ ಬಂದು ಮತ್ತೆ ಕರ್ನಾಟಕಕ್ಕೆ ಹೋಗಿರುತ್ತೇವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆದರೆ ನಂಟಸ್ತಿಕೆ, ಮದುವೆ, ಜಾತ್ರೆ, ಹತ್ತಿಯ ವ್ಯಾಪಾರ, ಯಾವುದೂ ಆ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದ್ದರಿಂದ ನಮ್ಮ ಭಾಗದವರಿಗೆ ಅಪಘಾತವೂ ಎಷ್ಟೋ ಸಲ ಗಡಿಯಾಚೆಯೇ ಆಗುತ್ತದೆ.

2025ರ ಜನವರಿ 21ರ ರಾತ್ರಿ ಮಂತ್ರಾಲಯದ ಸಂಸ್ಕೃತ ವಿದ್ಯಾರ್ಥಿಗಳನ್ನು ಆರಾಧನೆಗೆಂದು ಹಂಪಿಯ ಕಡೆಗೆ ಕರೆದೊಯ್ಯುತ್ತಿದ್ದ ವಾಹನವು ಸಿಂಧನೂರಿನ ಬಳಿ ಉರುಳಿಬಿದ್ದು ಮೂವರು ವಿದ್ಯಾರ್ಥಿಗಳೂ ಚಾಲಕನೂ ತೀರಿಕೊಂಡರು. ನಿಮ್ಮ ವಯಸ್ಸಿನ ಹುಡುಗರು. ಆ ಸುದ್ದಿಯನ್ನು ಓದಿದಾಗಿನಿಂದ ಈ ವಿಷಯವನ್ನು ವಾರ್ತಾಪತ್ರದಲ್ಲಿ ಬರೆಯಬೇಕೆಂದುಕೊಂಡಿದ್ದೆ. ಕನ್ನಡ ವಿಭಾಗಕ್ಕೂ ಸೀಟ್ ಬೆಲ್ಟಿಗೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರವು ಮುಂದೆ ಬರುತ್ತದೆ. ಅದು ವಿಭಕ್ತಿ ಪ್ರತ್ಯಯಕ್ಕೆ ಸಂಬಂಧಿಸಿದ್ದು.

ಮೊದಲು ಬೆಲ್ಟಿನ ಮಾತು. ಗಂಟೆಗೆ 72 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 20 ಮೀಟರ್. ಕಾರು ಒಮ್ಮೆಗೇ ನಿಂತರೂ ಒಳಗೆ ಕುಳಿತವರ ದೇಹವು ಅದೇ ವೇಗದಲ್ಲಿ ಮುಂದೆ ಸಾಗುತ್ತಿರುತ್ತದೆ. ಆಗ ಬೀಳುವ ಪೆಟ್ಟು ಸುಮಾರು 20 ಮೀಟರ್ ಎತ್ತರದಿಂದ, ಹಳೆಯ ತೆಂಗಿನಮರದ ತುದಿಯಿಂದ, ನೆಲಕ್ಕೆ ಬಿದ್ದಷ್ಟು. ಕೈಗಳಿಂದ ಡ್ಯಾಶ್‌ಬೋರ್ಡನ್ನು ಒತ್ತಿ ಹಿಡಿದುಕೊಳ್ಳುತ್ತೇನೆ ಎನ್ನುವವನು ತೆಂಗಿನಮರದಿಂದ ಬಿದ್ದು ಅಂಗೈ ಊರುತ್ತೇನೆ ಎಂದ ಹಾಗೆ. ಬೆಲ್ಟಿನ ಸುರುಳಿಯೊಳಗೆ ಒಂದು ಬೀಗವಿದೆ. ಮೆಲ್ಲಗೆ ಎಳೆದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಥಟ್ಟನೆ ಎಳೆದರೆ ಕಚ್ಚಿಕೊಳ್ಳುತ್ತದೆ. ನಿಂತ ಕಾರಿನಲ್ಲಿ ಯಾರಾದರೂ ಪರೀಕ್ಷಿಸಿ ನೋಡಬಹುದು. ಹೆಗಲು, ಎದೆ, ಸೊಂಟಗಳನ್ನು ಒಟ್ಟಿಗೆ ಹಿಡಿಯುವ ಈ ಬಗೆಯ ಪಟ್ಟಿಯನ್ನು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದನು. ಇತರ ಕಂಪನಿಗಳೂ ಬಳಸಿಕೊಳ್ಳಲೆಂದು ವೋಲ್ವೋ ಅದರ ಪೇಟೆಂಟನ್ನು ಮುಕ್ತವಾಗಿರಿಸಿತು. ಪಟ್ಟಿಯ ಕೆಳಭಾಗವು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಗರ್ಭಿಣಿಯರಿಗೆ ಹೊಟ್ಟೆಯ ಕೆಳಗೆ. ಮೇಲ್ಭಾಗವನ್ನು ಕಂಕುಳ ಕೆಳಗೆ ತೂರಿಸಿಕೊಳ್ಳಬಾರದು. ಏರ್‌ಬ್ಯಾಗ್ ಇದೆಯಲ್ಲ ಎಂಬ ಸಮಾಧಾನವೂ ಸಲ್ಲದು. ಬೆಲ್ಟು ದೇಹವನ್ನು ಹಿಡಿದಿಟ್ಟಾಗ ಮಾತ್ರ ಅದು ಕಾಯುತ್ತದೆ, ಇಲ್ಲದಿದ್ದರೆ ಅದೇ ಪೆಟ್ಟು ಕೊಡಬಲ್ಲದು.

ನಮ್ಮ ದೇಶದ ಕಾರುಗಳ ಮುಂದಿನ ಸೀಟುಗಳಿಗೆ ಬೆಲ್ಟು ಕಡ್ಡಾಯವಾದದ್ದು 1994ರಲ್ಲಿ. ಶಂಕರ್ ನಾಗ್ ಅವರು ದಾವಣಗೆರೆಯ ಬಳಿ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದದ್ದು 1990ರ ಸೆಪ್ಟೆಂಬರ್ 30ರಂದು, ಆ ನಿಯಮಕ್ಕೂ ನಾಲ್ಕು ವರ್ಷ ಮೊದಲು. ಇಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮದಂತೆ ಚಾಲಕನೂ ಪಕ್ಕದವರೂ ಹಿಂದಿನ ಸೀಟಿನಲ್ಲಿ ಮುಂದಕ್ಕೆ ಮುಖಮಾಡಿ ಕುಳಿತವರೂ ಬೆಲ್ಟು ಧರಿಸಲೇಬೇಕು. 2019ರ ತಿದ್ದುಪಡಿಯಲ್ಲಿ ಬಂದ 194ಬಿ ಕಲಮಿನಂತೆ ತಪ್ಪಿದವರಿಗೆ 1000 ರೂಪಾಯಿ ದಂಡ. ಬೆಲ್ಟು ಧರಿಸದ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವ ಚಾಲಕನೂ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದವನೂ ಇದೇ ಕಲಮಿಗೆ ಒಳಪಡುತ್ತಾರೆ.

ಹಿಂದಿನ ಸೀಟಿನ ನಿಯಮವನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ಪರಿಗಣಿಸಿಲ್ಲ. ನಾನೂ ಬಹುಕಾಲ ಪರಿಗಣಿಸಿರಲಿಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರ ಕಾರು ಸೇತುವೆಯ ಗೋಡೆಗೆ ಅಪ್ಪಳಿಸಿತು. ಹಿಂದೆ ಬೆಲ್ಟು ಧರಿಸದೆ ಕುಳಿತಿದ್ದ ಇಬ್ಬರು ತೀರಿಕೊಂಡರು, ಮುಂದಿನ ಸೀಟಿನ ಇಬ್ಬರು ಬದುಕುಳಿದರು. ಅದನ್ನು ಮರಾಠಿ ಪತ್ರಿಕೆಗಳಲ್ಲಿ ಓದಿದ ಮೇಲೆಯೇ ನನ್ನ ಅಭ್ಯಾಸ ಬದಲಾದದ್ದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ ಆ ಒಂದೇ ವರ್ಷ ಬೆಲ್ಟು ಧರಿಸದೆ ಸತ್ತವರು 16,715 ಜನ. ಅವರಲ್ಲಿ 8,331 ಮಂದಿ ಚಾಲಕರಲ್ಲ, ಪ್ರಯಾಣಿಕರು. ಇಷ್ಟಾದರೂ ಎಚ್ಚರಿಕೆಯ ಗಂಟೆಯ ಸದ್ದಡಗಿಸಲು ಬರಿಯ ಕ್ಲಿಪ್ಪನ್ನು ಕೊಂಡು ಸಿಕ್ಕಿಸುವ ಜಾಣರಿದ್ದಾರೆ. ಅಂಥ ಕ್ಲಿಪ್ಪುಗಳ ಮಾರಾಟವನ್ನು ನಿಲ್ಲಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಆದೇಶಿಸಬೇಕಾಯಿತು.

ಇನ್ನು ಅಪಘಾತವಾದ ಮೇಲಿನ ಮಾತು. ಎಂಜಿನ್ ಆರಿಸಿ, ಮಿನುಗುದೀಪ ಹಚ್ಚಿ, ಹಿಂದಿನಿಂದ ಬರುವ ವಾಹನಗಳಿಗೆ ಎಚ್ಚರಿಕೆ ಸಿಗುವಂತೆ ಮಾಡುವುದು ಮೊದಲ ಕೆಲಸ. ರಾತ್ರಿಯ ಹೆದ್ದಾರಿಯಲ್ಲಿ ಎರಡನೆಯ ಡಿಕ್ಕಿಯು ಮೊದಲನೆಯದಕ್ಕಿಂತ ಘೋರವಾಗಬಹುದು. ಬಳಿಕ 108 ಅಥವಾ 112. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. 108, 112 ಎರಡೂ ರಾಜ್ಯಗಳಲ್ಲಿ ನಡೆಯುತ್ತವೆ. ಗಡಿಯ ಬಳಿ ಕರೆ ಮಾಡುವವರು ರಾಜ್ಯ, ಮಂಡಲ ಅಥವಾ ತಾಲ್ಲೂಕು, ಹತ್ತಿರದ ಊರು, ಈ ಕ್ರಮದಲ್ಲಿ ಹೇಳಬೇಕು. ಒಂದೇ ಹೆಸರಿನ ಊರುಗಳು ಗೆರೆಯ ಎರಡೂ ಬದಿಯಲ್ಲಿರುವುದುಂಟು. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಬೆಂಕಿಯಂತಹ ಅಪಾಯವಿಲ್ಲದಿದ್ದರೆ ಗಾಯಾಳುವಿನ ಕತ್ತು, ಬೆನ್ನುಗಳನ್ನು ಅಲುಗಿಸಬೇಡಿ. ನೀರು ಕುಡಿಸುವುದು ನಮ್ಮ ಜನರ ಮೊದಲ ದಯೆ. ಆದರೆ ಪ್ರಜ್ಞೆ ತಪ್ಪುತ್ತಿರುವವನಿಗೆ ಅದು ಶ್ವಾಸನಾಳಕ್ಕೆ ಹೋಗಬಹುದು.

ನೆರವಾದವನು ಸಾಕ್ಷಿಯ ಗೋಜಿಗೆ ಸಿಕ್ಕಿಬೀಳುತ್ತಾನೆಂಬ ಭಯವು ಈಗ ನಿರಾಧಾರ. 2016ರಲ್ಲಿ ಸುಪ್ರೀಂ ಕೋರ್ಟು ಮಾನ್ಯ ಮಾಡಿದ ರಕ್ಷಣೆಯನ್ನು 2019ರಲ್ಲಿ 134ಎ ಕಲಮು ಶಾಸನವಾಗಿಸಿತು. ಹೆಸರು, ವಿಳಾಸ ಕೊಡುವಂತೆ ನೆರವಾದವನನ್ನು ಒತ್ತಾಯಿಸುವಂತಿಲ್ಲ. ವಾಹನ ಚಾಲಕನ ಹೊಣೆ ಬೇರೆ: 134ನೆಯ ಕಲಮಿನಂತೆ ಅವನು ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಬೇಗನೆ, ತಪ್ಪಿದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೆ ಬರವಣಿಗೆಯಲ್ಲಿ ವರದಿ ಕೊಡಬೇಕು. ಉದ್ರಿಕ್ತ ಗುಂಪಿನಿಂದ ಪ್ರಾಣಭಯವಿದ್ದರೆ ಸ್ಥಳದಿಂದ ಸರಿಯಬಹುದು, ಆದರೆ ನೇರವಾಗಿ ಠಾಣೆಗೇ ಹೋಗಬೇಕು.

ಈಗ ವಿಭಕ್ತಿಯ ಮಾತು. ಕಳೆದ ವರ್ಷ ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬನು ಒಂದು ಕಾಗದ ಹಿಡಿದು ಬಂದು, “ಸರ್, ಅಪ್ಪನಿಗೆ ಇದನ್ನ ಓದೋಕೆ ಬರಲಿಲ್ಲ, ಒಮ್ಮೆ ನೋಡ್ತೀರಾ?” ಎಂದನು. ಗಡಿಯಾಚೆಯ ಒಂದು ಠಾಣೆಯ ಪ್ರಥಮ ವರ್ತಮಾನ ವರದಿ, ಅಂದರೆ ಎಫ್.ಐ.ಆರ್. ಅವನ ತಂದೆ ಮನೆಯಲ್ಲಿ ಕನ್ನಡ ಮಾತಾಡುವವರು, ಶಾಲೆಯಲ್ಲಿ ಓದಿದ್ದು ತೆಲುಗು. ಮುರಿದ ಕೈಯ ನೋವಿನಲ್ಲಿ ಅವರು ಹೇಳಿದ್ದು, “ನಮ್ಮ ಕಾರಿಗೆ ಲಾರಿ ಬಂದು ಬಡಿಯಿತು.” ಕಾಗದದಲ್ಲಿದ್ದುದು, “ಕಾರು ಲಾರಿಗೆ ಡಿಕ್ಕಿ ಹೊಡೆದಿರುತ್ತದೆ.” ಕೆಳಗೆ ಅವರದೇ ತೆಲುಗು ಸಹಿ. ಶಬ್ದಮಣಿದರ್ಪಣದ ನಾಮಪ್ರಕರಣವನ್ನು ಪರೀಕ್ಷೆಗೆಂದು ಉರುಹೊಡೆಯುವವರು ಇದನ್ನು ಗಮನಿಸಬೇಕು: ಚತುರ್ಥಿಯ ‘ಗೆ’ಕಾರವು ಒಂದು ನಾಮಪದದಿಂದ ಇನ್ನೊಂದಕ್ಕೆ ಜಿಗಿದದ್ದರಿಂದ ಪೆಟ್ಟು ತಿಂದವನು ಪೆಟ್ಟು ಕೊಟ್ಟವನಾದನು. ಪರಿಹಾರದ ಪ್ರಕರಣವು ತಪ್ಪು ಯಾರದೆಂಬುದರ ಮೇಲೆ ನಿಂತಿರುತ್ತದೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 173ನೆಯ ಕಲಮಿನಂತೆ ಬಾಯಿಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡು ದೂರುದಾರನಿಗೆ ಓದಿ ಹೇಳಬೇಕು, ಆಮೇಲೆಯೇ ಸಹಿ. ಪ್ರತಿಯನ್ನು ಉಚಿತವಾಗಿ, ಕೂಡಲೇ ಕೊಡಬೇಕು. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಬೇರೆ ಠಾಣೆಯಲ್ಲಿ ದೂರು ಕೊಡಬಹುದು. ಅದನ್ನೇ ಶೂನ್ಯ ಎಫ್.ಐ.ಆರ್. ಎನ್ನುವುದು. ಓದಿ ಹೇಳುವಂತೆ ಕೇಳುವುದು ಉದ್ಧಟತನವಲ್ಲ, ಹಕ್ಕು.

ಹೇಳಿಕೆಯಲ್ಲಿ ಕಂಡದ್ದನ್ನು ಮಾತ್ರ ಹೇಳಬೇಕು: ನಾವು ಯಾವ ಕಡೆಯಿಂದ ಯಾವ ಕಡೆಗೆ, ರಸ್ತೆಯ ಯಾವ ಮಗ್ಗುಲಲ್ಲಿ ಹೋಗುತ್ತಿದ್ದೆವು, ಎದುರಿನ ವಾಹನದ ಸಂಖ್ಯೆಯೇನು, ಯಾವುದು ಯಾವುದಕ್ಕೆ ಎಲ್ಲಿ ತಾಗಿತು. ಠಾಣೆಯ ಕನ್ನಡದಲ್ಲಿ “ಅತಿವೇಗ ಮತ್ತು ನಿರ್ಲಕ್ಷತನದಿಂದ” ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ. ‘ನಿರ್ಲಕ್ಷ್ಯ’ ಸಾಕು, ‘ತನ’ ಬೇಡ ಎಂದು ಮೇಷ್ಟರ ಕೈ ತುರಿಸುತ್ತದೆ, ಆದರೆ ಆ ಜೋಡಿಪದ ಯಾರ ಹೆಸರಿನ ಮುಂದೆ ಕೂತಿದೆ ಎಂಬುದೇ ಮುಖ್ಯ. ಸ್ಥಳಪರಿಶೀಲನೆಯ ಕಾಗದಕ್ಕೆ ಮರಾಠಿ, ತೆಲುಗುಗಳಲ್ಲಿ ಪಂಚನಾಮಾ. ಕನ್ನಡದಲ್ಲಿ ಪಂಚನಾಮೆ ಎಂದೂ ಮಹಜರು ಎಂದೂ ಇದೆ. ಎರಡು ಹೆಸರು ಕೇಳಿ ಎರಡು ಕಾಗದವೆಂದು ಅಲೆದವರನ್ನು ನಾನು ಬಲ್ಲೆ.

ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ. 166ನೆಯ ಕಲಮಿನಂತೆ ಅರ್ಜಿದಾರನು ವಾಸಿಸುವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. ಸಿಂಧನೂರಿನ ಅಪಘಾತಕ್ಕೆ ಕರ್ನೂಲು ಜಿಲ್ಲೆಯ ಕುಟುಂಬವು ತನ್ನ ಜಿಲ್ಲೆಯಲ್ಲಿಯೇ ನ್ಯಾಯ ಕೇಳಬಹುದೆಂದರ್ಥ. ಅವಧಿಯು ಆರು ತಿಂಗಳು. ಸೂತಕ ಕಳೆಯಲಿ, ಸುಗ್ಗಿ ಮುಗಿಯಲಿ ಎನ್ನುವಷ್ಟರಲ್ಲಿ ಅದು ಕಳೆದಿರುತ್ತದೆ. ಗುದ್ದಿದ ವಾಹನ ಪತ್ತೆಯಾಗದಿದ್ದರೂ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಗಳ ಯೋಜನೆ 2022ರ ಏಪ್ರಿಲ್‌ನಿಂದ ಇದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ನಗದುರಹಿತ ಚಿಕಿತ್ಸಾ ಯೋಜನೆಯು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ವೆಚ್ಚವನ್ನು ಭರಿಸುತ್ತದೆ.

ಆ ವಿದ್ಯಾರ್ಥಿಯೂ ಅವನ ತಂದೆಯೂ ಮತ್ತೆ ಆ ಠಾಣೆಗೆ ಹೋಗಿ ಮರುಹೇಳಿಕೆ ಕೊಟ್ಟುಬಂದರು. ಈ ಸಲ ಬರೆದದ್ದನ್ನು ಮಗನೇ ತಂದೆಗೆ ಗಟ್ಟಿಯಾಗಿ ಓದಿ ಹೇಳಿದನಂತೆ. ಪ್ರಕರಣ ಇನ್ನೂ ನಡೆಯುತ್ತಿದೆ. ನಿಮ್ಮ ಮನೆಗೋ ನೆರೆಮನೆಗೋ ಅಂಥ ಕನ್ನಡ ಕಾಗದ ಬಂದರೆ ವಿಭಾಗಕ್ಕೆ ತನ್ನಿ. ತರಗತಿ ಮುಗಿದ ಮೇಲೆ ಕುಳಿತು ಓದೋಣ, ತೆಲುಗಿನಲ್ಲಿ ಬರೆದೂ ಕೊಡೋಣ.