ಹೆಸರು ಊರಿಗೆ, ಮರೆವು ಮಂಟಪಕ್ಕೆ

ಚಿಕ್ಕಯ್ಯನಛತ್ರದಿಂದ ನಂಜನಗೂಡಿಗೆ ಬಂದು ಚಾಮರಾಜನಗರದ ಬಸ್ಸು ಹತ್ತುವ ವ್ಯಾಪಾರಸ್ಥರೇ, ಆ ಊರಿಗೆ ಹೆಸರು ಹೇಗೆ ಬಂತು ಗೊತ್ತೇನು?

ಹಿಂದೆ ಅದು ಅರಿಕುಠಾರ. 1774ರಲ್ಲಿ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಅಲ್ಲೇ. ಮೈಸೂರು ಗದ್ದುಗೆ ಖಾಲಿಯಾದಾಗ ಹೈದರಾಲಿ ರಾಜವಂಶದ ಮಕ್ಕಳನ್ನೆಲ್ಲ ಕೂಡಿಸಿ ಆಟಿಕೆ, ತಿಂಡಿ ಹರಡಿಸಿದನಂತೆ. ಈ ಕೂಸು ಮಾತ್ರ ಕಠಾರಿ ಹಿಡೀತಂತೆ. ಇದೇ ದೊರೆಯಾಗಲಿ ಅಂದನಂತೆ ಹೈದರ್! 1776ರಿಂದ 1796ರವರೆಗೆ ಪಟ್ಟವೇನೋ ಇತ್ತು, ಅಧಿಕಾರ ಮಾತ್ರ ಹೈದರ್, ಟಿಪ್ಪು ಕೈಲಿ.

ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಹುಟ್ಟಿದ ಜಾಗದ ಗುರುತಾಗಿ ಜನನ ಮಂಟಪ ಇದೆ.

ಆಷಾಢದ ತೇರಿಗೆ ಹೊಸ ಜೋಡಿಗಳು ದೇವಸ್ಥಾನಕ್ಕೆ ಮುಗಿಬೀಳ್ತಾರೆ. ಮಂಟಪದ ಕಡೆ ಸುಳಿಯೋರು ಕಮ್ಮಿ. ಅದು ಹಾಳು ಬೀಳ್ತಿದೆ ಎಂಬ ದೂರು ಇಂದು ನಿನ್ನೆಯದಲ್ಲ.

1997ರಲ್ಲಿ ಮೈಸೂರಿನಿಂದ ಬೇರೆಯಾದ ಜಿಲ್ಲೆಗೂ ಅದೇ ಹೆಸರು. ಊರಿಗೆ, ಜಿಲ್ಲೆಗೆ ಹೆಸರು ಕೊಟ್ಟವರ ಜನ್ಮಸ್ಥಳಕ್ಕೆ ದಿನಾ ಒಂದು ಪೊರಕೆ, ರಾತ್ರಿಗೊಬ್ಬ ಕಾವಲುಗಾರ ದುಬಾರಿಯೇ? ಸಂಬಂಧಪಟ್ಟವರು ಇನ್ನಾದರೂ ಕಣ್ಣು ಬಿಟ್ಟಾರೆಯೇ?